ನ್ಯೂಮೊಕಾಕಸ್ ರೋಗಾಣುವಿನ ಔಷಧನಿರೋಧವೂ ದೇಶಭೇದವೂ

ಶ್ವಾಸಕೋಶದ ಉರಿಯೂತ, ಮಿದುಳಿನ ಪೊರೆಯ ಉರಿಯೂತ, ಮಕ್ಕಳ ಕಿವಿಸೋರಿಕೆ ಇವು ಮೂರಕ್ಕೂ ಅನೇಕ ವೇಳೆ ಕಾರಣವಾಗುವ ರೋಗಾಣುವಿಗೆ ನ್ಯೂಮೊಕಾಕಸ್ ಎಂದು ಹೆಸರು. 1881ರಲ್ಲಿ ಫ್ರಾನ್ಸಿನ ಪಾಸ್ಚರನೂ ಅಮೆರಿಕದ ಸ್ಟರ್ನ್‌ಬರ್ಗನೂ ಇದನ್ನು ಬೇರೆಬೇರೆಯಾಗಿ ಕಂಡುಕೊಂಡರು. ಪೆನಿಸಿಲಿನ್ ಬಳಕೆಗೆ ಬಂದ ಮೇಲೆ ಇದರ ಭಯವು ಬಹುಮಟ್ಟಿಗೆ ತಗ್ಗಿತು. ಆದರೆ ಆ ಔಷಧಕ್ಕೆ ಸುಲಭವಾಗಿ ಮಣಿಯದ ರೋಗಾಣುವು 1967ರಲ್ಲಿ ಆಸ್ಟ್ರೇಲಿಯದಲ್ಲಿ ವರದಿಯಾಯಿತು. 1977ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಇನ್ನೂ ಪ್ರಬಲವಾದ ಬಗೆಗಳು ಕಾಣಿಸಿಕೊಂಡವು.

ಔಷಧಕ್ಕೆ ರೋಗಿಯ ದೇಹವು ಒಗ್ಗಿಹೋಗುವುದೇ ನಿರೋಧವೆಂದು ಹಲವರ ಎಣಿಕೆ. ಇದು ಭ್ರಾಂತಿ. ಚರಕಸಂಹಿತೆಯಲ್ಲಿ ಉಕ್ತವಾದ ಓಕಸಾತ್ಮ್ಯವು, ಎಂದರೆ ಅಭ್ಯಾಸದಿಂದ ಉಂಟಾಗುವ ಒಗ್ಗುವಿಕೆಯು, ಮನುಷ್ಯದೇಹದ ಧರ್ಮ. ಔಷಧನಿರೋಧವಾದರೋ ರೋಗಾಣುವಿನ ಧರ್ಮ. ಆದುದರಿಂದಲೇ ಎಂದೂ ಔಷಧವನ್ನು ಸೇವಿಸದ ಶಿಶುವಿಗೂ ನಿರೋಧವುಳ್ಳ ರೋಗಾಣು ತಗುಲಬಹುದು.

ಪೆನಿಸಿಲಿನ್ ರೋಗಾಣುವಿನ ಹೊರಗೋಡೆಯನ್ನು ಕಟ್ಟುವ ಪ್ರೋಟೀನುಗಳಿಗೆ ಅಂಟಿಕೊಂಡು ಆ ಕಾರ್ಯವನ್ನು ನಿಲ್ಲಿಸುತ್ತದೆ. ಗಂಟಲಿನಲ್ಲಿ ವಾಸಿಸುವ ಸಜಾತೀಯ ಜೀವಾಣುಗಳಿಂದ ವಂಶದ್ರವ್ಯದ ತುಣುಕುಗಳನ್ನು ನ್ಯೂಮೊಕಾಕಸ್ ಸ್ವೀಕರಿಸಿದಾಗ ಆ ಪ್ರೋಟೀನುಗಳ ರೂಪವು ಮಾರ್ಪಡುತ್ತದೆ. ಔಷಧವು ಸರಿಯಾಗಿ ಅಂಟದು. ಈ ರೋಗಾಣುವಿನ ಪರಿವರ್ತನಶಕ್ತಿಯನ್ನು ಇಂಗ್ಲೆಂಡಿನ ಗ್ರಿಫಿತ್ತನು ಪ್ರಕಟಿಸಿದ್ದು 1928ರಲ್ಲಿ. ಫ್ಲೆಮಿಂಗನು ಪೆನಿಸಿಲಿನ್ನನ್ನು ಕಂಡದ್ದೂ ಅದೇ ವರ್ಷ.

ಇನ್ನು ದೇಶಭೇದ. 1980ರ ದಶಕದ ಕೊನೆಯಲ್ಲಿ ಹಂಗೆರಿಯಲ್ಲಿ ಪರೀಕ್ಷಿಸಿದ ರೋಗಾಣುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಿರೋಧವುಳ್ಳವು; ಔಷಧವನ್ನು ಮಿತವಾಗಿ ಬಳಸುವ ನೆದರ್ಲೆಂಡಿನಲ್ಲಿ ಅಂಥವು ಅತ್ಯಲ್ಪ. ಈ ಭೇದಕ್ಕೆ ಹವೆಯಾಗಲಿ ನೆಲವಾಗಲಿ ಕಾರಣವಲ್ಲವೆಂಬುದಕ್ಕೆ ಐಸ್‌ಲೆಂಡ್ ದ್ವೀಪವೇ ದೃಷ್ಟಾಂತ. ಅಲ್ಲಿ ಪೆನಿಸಿಲಿನ್ನಿಗೆ ಮಣಿಯದ ನ್ಯೂಮೊಕಾಕಸ್ ಮೊದಲು ಕಂಡದ್ದು 1988ರಲ್ಲಿ. ಸ್ಪೇನಿನಲ್ಲಿ ಪ್ರಬಲವಾಗಿದ್ದ ಒಂದು ಸಂತತಿಯೇ ಮುಖ್ಯವಾಗಿ ಹರಡಿ, 1993ರ ಹೊತ್ತಿಗೆ ಅಂಥವುಗಳ ಪ್ರಮಾಣವು ನೂರಕ್ಕೆ ಸುಮಾರು 20ಕ್ಕೆ ಏರಿತು. ವೈದ್ಯರೂ ಜನರೂ ಎಚ್ಚೆತ್ತು ಮಕ್ಕಳಿಗೆ ಔಷಧ ಕೊಡುವುದನ್ನು ತಗ್ಗಿಸಿದ ಮೇಲೆ ಪ್ರಮಾಣವೂ ಇಳಿಯಿತು. ನೆಲ ಅದೇ, ಹವೆ ಅದೇ, ಬದಲಾದದ್ದು ಆಚಾರ.

ಈ ವಿಚಾರವು ಪ್ರಾಣಸಂಬಂಧಿಯಾದುದು. ಶ್ವಾಸಕೋಶದ ರೋಗದಲ್ಲಿ ಅಲ್ಪನಿರೋಧವನ್ನು ಹೆಚ್ಚಿನ ಪ್ರಮಾಣದ ಪೆನಿಸಿಲಿನ್ ಇಂದಿಗೂ ಗೆಲ್ಲಬಲ್ಲದು. ಮಿದುಳಿನ ಪೊರೆಯ ರೋಗದಲ್ಲಿ ಅಲ್ಲಿಯ ದ್ರವವನ್ನು ಔಷಧವು ಸ್ವಲ್ಪವೇ ಮುಟ್ಟುವುದರಿಂದ, ಅದೇ ನಿರೋಧವು ಮಾರಕವಾಗಬಹುದು. ಆದುದರಿಂದ ತನ್ನ ಪ್ರಾಂತದ ನಿರೋಧಪ್ರಮಾಣವನ್ನು ವೈದ್ಯನು ಅರಿತಿರಬೇಕು. ರೋಗವನ್ನೇ ತಡೆಯುವ ಲಸಿಕೆಯು ಭಾರತದ ಸಾರ್ವಜನಿಕ ಕಾರ್ಯಕ್ರಮದಲ್ಲಿ 2017ರಿಂದ ಕೆಲವೆಡೆ, 2021ರಿಂದ ದೇಶದಾದ್ಯಂತ ಸೇರಿದೆ. ಸಕಾಲದ ಲಸಿಕೆ, ಮಿತವಾದ ಔಷಧ ಇವೆರಡೂ ಕೂಡಿದರೆ ಮಾತ್ರ ಪೆನಿಸಿಲಿನ್ನಿನ ವೀರ್ಯವು ಮುಂದಿನವರಿಗೂ ಉಳಿಯುವುದು.