ಏನಿದು ರೇಡಿಯೋ 'ಫಾಕ್ಸ್ ಹಂಟ್'? ಸಿಗ್ನಲ್ ಬೆನ್ನತ್ತಿ, ಗೂಢಲಿಪಿ ಬಿಡಿಸಿ ನಿಧಿ ಹುಡುಕುವ ಆಟ

ಹೈದರಾಬಾದ್: ಕಾಲೇಜು ಫೆಸ್ಟ್‌ಗಳಲ್ಲಿ ಚೀಟಿ ಹಿಡಿದು ಓಡುವ ಟ್ರೆಷರ್ ಹಂಟ್ ಎಲ್ಲರಿಗೂ ಗೊತ್ತು. ಆದರೆ ಆ ಚೀಟಿ ಎಲ್ಲಿದೆ ಎಂಬುದನ್ನೇ ರೇಡಿಯೋ ಸಿಗ್ನಲ್ ಹಿಡಿದು ಪತ್ತೆ ಮಾಡಬೇಕು, ಸಿಕ್ಕ ಮೇಲೆ ಅದರಲ್ಲಿರುವ ಗೂಢಲಿಪಿಯನ್ನೂ ಬಿಡಿಸಬೇಕು ಎಂದಾದರೆ? ಹ್ಯಾಮ್ ರೇಡಿಯೋ ಹವ್ಯಾಸಿಗಳ 'ಫಾಕ್ಸ್ ಹಂಟ್'ಗೆ ಗೂಢಲಿಪಿ ಬೆರೆಸಿದರೆ ಇಂಥ ಆಟ ಸಿದ್ಧ.

ಬೇಗಂಪೇಟೆಯಂಥ ಜಾಗ ಇದಕ್ಕೆ ಹೇಳಿ ಮಾಡಿಸಿದಂತಿದೆ. ಪಕ್ಕದ ಸೋಮಾಜಿಗುಡದಲ್ಲೇ 1983ರಲ್ಲಿ ಶುರುವಾದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆಚೂರ್ ರೇಡಿಯೋ ಇದೆ.

ಹುಡುಕುವುದು ಹೇಗೆ?

ಬಚ್ಚಿಟ್ಟ ಪುಟ್ಟ ಟ್ರಾನ್ಸ್‌ಮಿಟರ್ ಆಗಾಗ ಮೋರ್ಸ್ ಸಂಕೇತ ಕಳಿಸುತ್ತಿರುತ್ತದೆ. ಸಾಮಾನ್ಯವಾಗಿ ಬಳಸುವುದು 144ರಿಂದ 146 ಮೆಗಾಹರ್ಟ್ಸ್ ಬ್ಯಾಂಡ್. ತಂಡದ ಕೈಯಲ್ಲಿ ಯಾಗಿ ಆಂಟೆನಾ. ಹಳೇ ಟಿವಿ ಆಂಟೆನಾ ನೆನಪಿದೆಯಲ್ಲ, ಅದರದೇ ಚಿಕ್ಕ ರೂಪ. ಸಿಗ್ನಲ್ ಜೋರಾಗಿ ಕೇಳುವ ದಿಕ್ಕನ್ನು ಮ್ಯಾಪ್‌ನಲ್ಲಿ ಗೆರೆ ಎಳೆಯಬೇಕು. ಇನ್ನೊಂದು ಜಾಗಕ್ಕೆ ಹೋಗಿ ಮತ್ತೊಂದು ಗೆರೆ. ಎರಡೂ ಕೂಡುವಲ್ಲಿ 'ನರಿ' ಇರಬೇಕು.

ಇರಬೇಕು ಅಷ್ಟೇ! ಮೆಟ್ರೋ ಕಂಬ, ಫ್ಲೈಓವರ್, ಎತ್ತರದ ಕಟ್ಟಡಗಳಿಗೆ ಬಡಿದ ಸಿಗ್ನಲ್ ಬೇರೆ ದಿಕ್ಕಿನಿಂದ ಬಂದಂತೆ ಕಾಣುತ್ತದೆ. ಹಾಗಾಗಿ ಮೂರ್ನಾಲ್ಕು ಕಡೆ ಅಳೆಯುವುದೇ ಜಾಣತನ. ತೀರಾ ಹತ್ತಿರ ಹೋದಾಗ ಇನ್ನೊಂದು ಫಜೀತಿ: ಎಲ್ಲ ದಿಕ್ಕಿನಲ್ಲೂ ಸಿಗ್ನಲ್ ಜೋರು. ಆಗ ಆಂಟೆನಾ ತೆಗೆದು, ಹ್ಯಾಂಡ್‌ಸೆಟ್ಟನ್ನು ಎದೆಗೆ ಒತ್ತಿಕೊಂಡು ನಿಧಾನವಾಗಿ ಸುತ್ತಬೇಕು. ನಿಮ್ಮ ಮೈಯೇ ತಡೆಗೋಡೆ. ಸಿಗ್ನಲ್ ಕುಗ್ಗಿದಾಗ ನರಿ ನಿಮ್ಮ ಬೆನ್ನ ಹಿಂದಿದೆ ಎಂದರ್ಥ.

ಗೂಢಲಿಪಿ ಎಲ್ಲಿ ಬಂತು?

ಟ್ರಾನ್ಸ್‌ಮಿಟರ್ ಪಕ್ಕದ ಚೀಟಿಯಲ್ಲಿ 'ಯಲಧ ಭಕಿ' ಎಂದಿದೆ ಅಂದುಕೊಳ್ಳಿ. ಪ್ರತಿ ವ್ಯಂಜನವನ್ನೂ ವರ್ಣಮಾಲೆಯಲ್ಲಿ ಒಂದು ಮನೆ ಹಿಂದಕ್ಕೆ ಸರಿಸಿ (ಕ ಬಂದರೆ ಸುತ್ತಿ ಬಂದು ಳ). 'ಮರದ ಬಳಿ' ಎಂದಾಗುತ್ತದೆ. ಎಷ್ಟು ಮನೆ ಸರಿಸಬೇಕೆಂಬ ಕೀಲಿಯನ್ನು ಊರಿನ ಇತಿಹಾಸದಲ್ಲೇ ಅಡಗಿಸಬಹುದು. ಮಲೇರಿಯಾ ಪರಾವಲಂಬಿ ಸೊಳ್ಳೆಯೊಳಗಿರುವುದನ್ನು ರೊನಾಲ್ಡ್ ರಾಸ್ ಕಂಡಿದ್ದು ಇದೇ ಬೇಗಂಪೇಟೆಯಲ್ಲಿ, 1897ರಲ್ಲಿ. ಮೊದಲ ಅಕ್ಷರಕ್ಕೆ 1, ನಂತರ 8, 9, 7 ಮನೆ ಎಂದರೆ ಊಹಿಸಿ ಬಿಡಿಸುವುದು ಬಲು ಕಷ್ಟ.

ಆಯೋಜಕರು ಗಮನಿಸಬೇಕಾದ್ದು: ಗೂಢಲಿಪಿ ಚೀಟಿಯಲ್ಲೇ ಇರಲಿ, ಗಾಳಿಯಲ್ಲಿ ಬೇಡ. ಅರ್ಥ ಮುಚ್ಚಿಡಲು ಸಂದೇಶವನ್ನು ಸಂಕೇತೀಕರಿಸುವುದು ಹ್ಯಾಮ್ ರೇಡಿಯೋದ ಅಂತಾರಾಷ್ಟ್ರೀಯ ನಿಯಮಕ್ಕೆ ಒಪ್ಪುವಂಥದ್ದಲ್ಲ. ಮೋರ್ಸ್ ಎಲ್ಲರಿಗೂ ತೆರೆದ ಲಿಪಿ, ಅದಕ್ಕೆ ಅಡ್ಡಿಯಿಲ್ಲ. ಟ್ರಾನ್ಸ್‌ಮಿಟರ್ ನಡೆಸುವವರಿಗೆ ಲೈಸೆನ್ಸ್ ಕಡ್ಡಾಯ. ಹಳೇ ವಿಮಾನ ನಿಲ್ದಾಣದ ಗೋಡೆ ಆಸುಪಾಸಿನಲ್ಲಿ ಆಂಟೆನಾ ಹಿಡಿದು ಓಡಾಡುವುದನ್ನು ಬಿಡುವುದೇ ಕ್ಷೇಮ.

ಆಟಕ್ಕಷ್ಟೇ ಅಲ್ಲ

ದಿಕ್ಕು ಹಿಡಿಯುವ ಇದೇ ವಿದ್ಯೆಯಿಂದ ಅಪಘಾತಕ್ಕೀಡಾದ ವಿಮಾನ, ದೋಣಿಗಳ ತುರ್ತು ಬೀಕನ್ ಪತ್ತೆ ಮಾಡುತ್ತಾರೆ. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಭಾರತಿ ಪ್ರಸಾದ್ ಮತ್ತು ಹ್ಯಾಮ್ ತಂಡ ಪೋರ್ಟ್‌ಬ್ಲೇರ್‌ನಲ್ಲೇ ಇತ್ತು. ಹೈದರಾಬಾದ್‌ನ ಇದೇ ಸಂಸ್ಥೆ ಹವ್ಯಾಸಕ್ಕೆಂದು ಏರ್ಪಡಿಸಿದ್ದ ಯಾತ್ರೆ ಅದು. ಫೋನ್‌ಗಳು ಸತ್ತಾಗ ಅಂಡಮಾನ್‌ನಿಂದ ಮುಖ್ಯಭೂಮಿಗೆ ಸುದ್ದಿ ಮುಟ್ಟಿಸಿದ್ದು ಅವರ ರೇಡಿಯೋ.

ಕಲಿಯುವ ಆಸಕ್ತಿಯಿದ್ದರೆ ಪಿವಿಸಿ ಪೈಪ್‌ಗೆ ಉಕ್ಕಿನ ಅಳತೆ ಟೇಪಿನ ತುಂಡು ಕಟ್ಟಿ ಮನೆಯಲ್ಲೇ ಯಾಗಿ ತಯಾರಿಸಬಹುದು. ಪೊದೆಗೆ ಸಿಕ್ಕಿದರೂ ಮುರಿಯದೆ ಬಾಗುತ್ತದೆ. 12 ವರ್ಷ ತುಂಬಿದವರು ಲೈಸೆನ್ಸ್ ಪರೀಕ್ಷೆ ಬರೆಯಬಹುದು.