ಕಾಲು ಅಪ್ಪಳಿಸಿದ್ರು, ದ್ವೀಪ ಎದ್ದು ಬಂತು: ನಿಯೂ ಕಥೆ

ಇವತ್ತು ನಾವು ಹೋಗ್ತಿರೋ ಜಾಗ ನಿಮ್ಮ ಫೋನ್ ಮ್ಯಾಪ್‌ನಲ್ಲಿ ತುಂಬಾ ಜೂಮ್ ಮಾಡಿದ್ರೆ ಮಾತ್ರ ಕಾಣುತ್ತೆ. ಹೆಸರು ನಿಯೂ. ನ್ಯೂಜಿಲೆಂಡ್‌ನಿಂದ ಈಶಾನ್ಯಕ್ಕೆ ಸುಮಾರು 2,400 ಕಿಲೋಮೀಟರ್ ದೂರದಲ್ಲಿರೋ ಪಾಲಿನೇಷ್ಯನ್ ದ್ವೀಪ. ವಿಸ್ತೀರ್ಣ ಸುಮಾರು 260 ಚದರ ಕಿಲೋಮೀಟರ್ ಅಷ್ಟೇ. ಸುತ್ತ ಎಲ್ಲಿ ನೋಡಿದ್ರೂ ಪೆಸಿಫಿಕ್ ಸಾಗರ.

ಅಲ್ಲಿನ ಹಿರಿಯರು ಹೇಳೋ ಒಂದು ಕಥೆ ಇದೆ. ಹುವಾನಾಕಿ, ಫಾವೊ ಅನ್ನೋ ಇಬ್ಬರು ಟೋಂಗಾ ಕಡೆಯಿಂದ ಈಜಿಕೊಂಡು ಬಂದರಂತೆ. ಆಗ ದ್ವೀಪದ ಮೇಲೆಲ್ಲಾ ನೀರು. ಒಂದು ಸಲ ಕಾಲು ಅಪ್ಪಳಿಸಿದರು, ನೀರು ಹರಿದುಹೋಗಿ ನೆಲ ಎದ್ದಿತು. ಇನ್ನೊಂದು ಸಲ ಅಪ್ಪಳಿಸಿದರು, ಗಿಡಮರ ಚಿಗುರಿದವು. ಆಮೇಲೆ 'ಟೀ' ಅನ್ನೋ ಗಿಡದಿಂದ ಗಂಡು, ಹೆಣ್ಣು ಹುಟ್ಟಿದರು. ನಾವು ಕುಡಿಯೋ ಟೀ ಅಲ್ಲ, ಅದು ಬೇರೆ ಗಿಡ.

ಬರೀ ಕಟ್ಟುಕಥೆ ಅನ್ಸುತ್ತಾ? ಸ್ವಲ್ಪ ತಡೀರಿ. ನಿಯೂ ನಿಜಕ್ಕೂ ಸಮುದ್ರದಿಂದ ಎದ್ದು ಬಂದ ದ್ವೀಪ. ಹಳೇ ಜ್ವಾಲಾಮುಖಿಯ ಮೇಲೆ ಹವಳ ಬೆಳೀತು, ಆಮೇಲೆ ನೆಲ ನಿಧಾನಕ್ಕೆ ಮೇಲೆ ಬಂತು. ದ್ವೀಪದ ನಡುಭಾಗ ಈಗ ಸಮುದ್ರಮಟ್ಟಕ್ಕಿಂತ ಸುಮಾರು 60 ಮೀಟರ್ ಎತ್ತರದಲ್ಲಿದೆ. ಈ ಸುಣ್ಣಕಲ್ಲಲ್ಲಿ ತೂತು ಜಾಸ್ತಿ, ಮಳೆನೀರು ಸೀದಾ ಒಳಗೆ ಇಳಿದುಬಿಡುತ್ತೆ. ಹಾಗಾಗಿ ಇಲ್ಲಿ ಒಂದೂ ನದಿ ಇಲ್ಲ. ನದಿ ಇಲ್ಲದ ಮೇಲೆ ಸಮುದ್ರಕ್ಕೆ ಕೆಸರು ತರೋರು ಯಾರು? ಅದಕ್ಕೇ ಸುತ್ತಲಿನ ನೀರು ಅಷ್ಟು ತಿಳಿ. ದಡದ ಉದ್ದಕ್ಕೂ ಗುಹೆಗಳು, ಕಂದರಗಳು. ಜುಲೈಯಿಂದ ಅಕ್ಟೋಬರ್‌ವರೆಗೆ ಹಂಪ್‌ಬ್ಯಾಕ್ ತಿಮಿಂಗಿಲಗಳು ದಡದ ಹತ್ತಿರಾನೇ ಬರುತ್ತವೆ.

ಇಷ್ಟೆಲ್ಲಾ ಇದ್ರೂ ಅಲ್ಲಿ ಇರೋ ಜನ ಎಷ್ಟು ಗೊತ್ತಾ? ಸುಮಾರು 1,700. ನ್ಯೂಜಿಲೆಂಡ್‌ನಲ್ಲಿರೋ ನಿಯೂ ಮೂಲದವರು 30,000ಕ್ಕೂ ಹೆಚ್ಚು! ನಿಯೂಗೆ 1974ರಿಂದ ಸ್ವಂತ ಆಡಳಿತ ಇದೆ, ಆದ್ರೆ ಜನರಿಗೆ ನ್ಯೂಜಿಲೆಂಡ್ ಪೌರತ್ವ. ಓದು, ಕೆಲಸ ಅಂತ ಹೋದವರು ಅಲ್ಲೇ ಉಳೀತಾರೆ. ಅಲ್ಲಿ ಹುಟ್ಟಿದ ಎಷ್ಟೋ ಮಕ್ಕಳಿಗೆ ನಿಯೂ ಭಾಷೆ ಬರಲ್ಲ.

2004ರ ಜನವರಿಯಲ್ಲಿ ಹೆಟಾ ಚಂಡಮಾರುತ ಬಡಿದಾಗ ದ್ವೀಪದ ವಸ್ತುಸಂಗ್ರಹಾಲಯ ನಾಶವಾಯ್ತು. ಹಳೇ ವಸ್ತುಗಳಲ್ಲಿ ಬಹುಪಾಲು ಹೋಯ್ತು. ಆ ಸಂಗ್ರಹಾಲಯದ ಹೆಸರೇನು ಗೊತ್ತಾ? ಹುವಾನಾಕಿ.

ವಸ್ತು ಹೋದ್ರೂ ಕಥೆ ಇನ್ನೂ ಜನರ ಬಾಯಲ್ಲಿದೆ. ಅದನ್ನ ಆ ಭಾಷೆಯಲ್ಲೇ ಹೇಳೋರು, ಕೇಳೋರು ಇರೋವರೆಗೂ ಇರುತ್ತೆ.