ಇಲಿ ಎಷ್ಟು ಕೊಂದ್ರೂ ಯಾಕೆ ಮುಗಿಯಲ್ಲ? ಗುಟ್ಟು ತಾಯಿ ಇಲಿಯ ಗರ್ಭಕೋಶದಲ್ಲಿದೆ

ಜೋಳದ ತೆನೆ ಹಾಲುಗಾಳು ಕಟ್ಟೋ ಹೊತ್ತಿಗೆ ಇಲಿ ಕಾಟ ಶುರು. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಎರಿ ಹೊಲವಾಗಲಿ, ಕಿತ್ತೂರು ಕಡೆಯ ಭತ್ತದ ಗದ್ದೆಯಾಗಲಿ, ಎಲ್ಲ ಕಡೆ ಇದೇ ಮಾತು: "ಎಷ್ಟು ಹೊಡೆದ್ರೂ ಮತ್ತ ಬರ್ತಾವ್ರಿ." ಈ ಮಾತು ಇವತ್ತಿಂದಲ್ಲ. ಸುಮಾರು 200 ವರ್ಷದ ಹಿಂದೆಯೇ ನಮ್ಮ ಭಾಗದ ಬಗ್ಗೆ ಬರೆದಿಟ್ಟ ದಾಖಲೆಯಲ್ಲಿ ಇದೆ.

1826ರ ಇಲಿ ಹಾವಳಿ

1824ರ ಅಕ್ಟೋಬರ್‌ನಲ್ಲಿ ನಡೆದ ಕಿತ್ತೂರು ಯುದ್ಧದಲ್ಲಿ ರಾಣಿ ಚೆನ್ನಮ್ಮನ ಪಡೆಗೆ ಸೆರೆ ಸಿಕ್ಕ ಬ್ರಿಟಿಷ್ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ಈತನಿಗೆ ಪ್ರಾಣಿಗಳ ಬಗ್ಗೆ ಬಹಳ ಕುತೂಹಲ. ಈ ಭಾಗದ ಪ್ರಾಣಿಗಳ ಪಟ್ಟಿಯನ್ನು ಸ್ಥಳೀಯ ಹೆಸರುಗಳ ಜೊತೆ 1839ರಲ್ಲಿ ಪ್ರಕಟಿಸಿದ. ಅದರಲ್ಲಿ ವಡ್ಡರು 'ಮೆಟ್ಟಾಡೆ' ಅಂತ ಕರೆಯುತ್ತಿದ್ದ ಹೊಲದ ಇಲಿಯ ವಿವರ ಇದೆ. ಆ ಹೆಸರೇ 'ಮಿಲ್ಲಾರ್ಡಿಯಾ ಮೆಲ್ಟಾಡಾ' ಅಂತ ಇವತ್ತಿಗೂ ವಿಜ್ಞಾನದಲ್ಲಿ ಉಳಿದಿದೆ.

ಈ ಇಲಿ ಬೇಸಿಗೆಯಲ್ಲಿ ಎರಿ ಭೂಮಿಯ ಬಿರುಕುಗಳಲ್ಲಿ ವಾಸ ಮಾಡುತ್ತೆ. ಮಳೆ ಬಿದ್ದು ಬಿರುಕು ಮುಚ್ಚಿಕೊಂಡಾಗ ಪ್ರತಿ ವರ್ಷ ರಾಶಿಗಟ್ಟಲೆ ಇಲಿ ಸಾಯುತ್ತವೆ ಅಂತ ಎಲಿಯಟ್ ಬರೆದ. 1826ರಲ್ಲಿ ಮುಂಗಾರಿನ ಶುರುವಿನ ಮಳೆ ಕೈಕೊಟ್ಟಿತು. ಇಲಿಗಳು ಬಿತ್ತಿದ ಬೀಜ ತಿಂದವು, ಆಮೇಲೆ ಜೋಳದ ದಂಟು ಹತ್ತಿ ತೆನೆ ಕತ್ತರಿಸಿದವು. ರೈತರಿಗೆ ಕಂದಾಯ ಕಟ್ಟೋಕೂ ಆಗಲಿಲ್ಲ. ಡಜನ್‌ಗೆ ಇಷ್ಟು ಅಂತ ಕಾಳು ಅಳೆದುಕೊಟ್ಟು ವಡ್ಡರಿಂದ ಸಾವಿರಾರು ಇಲಿ ಕೊಲ್ಲಿಸಿದರೂ ಸಂಖ್ಯೆ ಇಳಿದಂತೆ ಕಾಣಲಿಲ್ಲ.

ಯಾಕೆ ಇಳಿಯಲಿಲ್ಲ? ಉತ್ತರದ ಒಂದು ಭಾಗ ಪ್ರಯೋಗಾಲಯದ ಇಲಿಗಳಿಂದ ಸಿಗುತ್ತೆ.

ಗರ್ಭಕೋಶದ ದ್ರವಕ್ಕೂ ಹದ ಬೇಕು

ಗರ್ಭ ಕಟ್ಟಿದ ಕೂಡಲೇ ಭ್ರೂಣ ಗರ್ಭಕೋಶಕ್ಕೆ ಅಂಟಲ್ಲ. ಮೊದಲ ಕೆಲವು ದಿನ ಗರ್ಭನಾಳ ಮತ್ತು ಗರ್ಭಕೋಶದ ದ್ರವದಲ್ಲೇ ಇರುತ್ತೆ. ಈ ದ್ರವದಲ್ಲಿ ಪ್ರೋಟೀನುಗಳಿವೆ. ಯಾವ ಪ್ರೋಟೀನು, ಯಾವಾಗ, ಎಷ್ಟು ಅಂತ ತೀರ್ಮಾನ ಮಾಡೋದು ಹಾರ್ಮೋನುಗಳು.

ಹೆಣ್ಣಿಲಿ 4-5 ದಿನಕ್ಕೊಮ್ಮೆ ಬೆದೆಗೆ ಬರುತ್ತೆ. ಆಗ ಈಸ್ಟ್ರೋಜನ್ ಏರಿ ಗರ್ಭಕೋಶದಲ್ಲಿ ದ್ರವ ತುಂಬುತ್ತೆ. ಚಿಕ್ಕ ಜಾತಿಯ ಇಲಿಗಳಲ್ಲಿ (ಮೌಸ್) ಲ್ಯಾಕ್ಟೋಫೆರಿನ್ ಅನ್ನೋ ಪ್ರೋಟೀನು ಈ ಹೊತ್ತಲ್ಲಿ ಹೆಚ್ಚುತ್ತೆ. ನಮ್ಮ ಗಿಣ್ಣದ ಹಾಲಲ್ಲೂ ಇರೋದು ಇದೇ. ಗರ್ಭ ಕಟ್ಟಿದ ಮೇಲೆ ಪ್ರೊಜೆಸ್ಟರಾನ್ ಏರಿ ದ್ರವ ಕಡಿಮೆಯಾಗುತ್ತೆ, ಗರ್ಭಕೋಶದ ಗೋಡೆಗಳು ಭ್ರೂಣವನ್ನು ಅಪ್ಪಿಕೊಳ್ಳುತ್ತವೆ. ಆಗ ಈಸ್ಟ್ರೋಜನ್ ಇನ್ನೊಮ್ಮೆ ಸ್ವಲ್ಪ ಏರಿದರೆ ಗರ್ಭಕೋಶದ ಗ್ರಂಥಿಗಳು 'ಲಿಫ್' ಎಂಬ ಪ್ರೋಟೀನು ಬಿಡುತ್ತವೆ. ಇದು ಬಂದರೆ ಮಾತ್ರ ಭ್ರೂಣ ಅಂಟುತ್ತೆ. ಈ ಪ್ರೋಟೀನು ತಯಾರಾಗದ ಇಲಿಗಳಲ್ಲಿ ಗರ್ಭ ಕಟ್ಟಿದರೂ ಭ್ರೂಣ ಅಂಟುವುದಿಲ್ಲ ಅಂತ 1992ರಲ್ಲಿ ವಿಜ್ಞಾನಿಗಳು ತೋರಿಸಿದರು.

ಒಂದು ಮರಿ ಎದೆಗೆ, ಇನ್ನೊಂದು ಹೊಟ್ಟೆಯಲ್ಲಿ

ಅಸಲಿ ವಿಷಯ ಇಲ್ಲಿದೆ. ಇಲಿ ಮರಿ ಹಾಕಿ ಒಂದು ದಿನದೊಳಗೇ ಮತ್ತೆ ಬೆದೆಗೆ ಬಂದು ಗರ್ಭ ಕಟ್ಟಬಲ್ಲದು. ಆದರೆ ಮರಿಗಳು ಹಾಲು ಕುಡೀತಿರುವಾಗ ಈಸ್ಟ್ರೋಜನ್ ಏರಲ್ಲ. ಹೊಸ ಭ್ರೂಣಗಳು ಸಾಯದೆ, ಬೆಳೆಯದೆ ಸುಮ್ಮನೆ ಕಾಯುತ್ತವೆ, ಹಸಿ ಸಿಗೋ ತನಕ ಒಣ ಮಣ್ಣಲ್ಲಿ ಬೀಜ ಕಾದ ಹಾಗೆ. ಹಾಲು ಕುಡಿಯೋ ಮರಿ ಹೆಚ್ಚಿದ್ದಷ್ಟೂ ಕಾಯೋದು ಹೆಚ್ಚು. ಹಾಲು ನಿಂತ ಕೂಡಲೇ ಈಸ್ಟ್ರೋಜನ್ ಏರಿ, ದ್ರವ ಹದಕ್ಕೆ ಬಂದು, ಭ್ರೂಣ ಅಂಟುತ್ತೆ. ಪ್ರಯೋಗಾಲಯದ ಇಲಿಗೆ ಸಾಮಾನ್ಯ ಗರ್ಭಾವಧಿ 21-23 ದಿನ ಅಷ್ಟೇ.

ಇದರಿಂದ ಕಲಿಯೋದೇನು? ಬಿಲ ಅಗೆದು ಮರಿ ಮಾತ್ರ ಕೊಂದು ತಾಯಿಯನ್ನು ಬಿಟ್ಟರೆ ಕೆಲಸ ಅರ್ಧ ಮಾತ್ರ ಆಗುತ್ತೆ. ಹಾಲು ನಿಲ್ಲುತ್ತೆ, ಕಾಯುತ್ತಿದ್ದ ಮುಂದಿನ ಸೂಲು ಬೇಗ ಶುರುವಾಗಬಹುದು. ಗುರಿ ತಾಯಿ ಇಲಿಯೇ ಆಗಬೇಕು, ಅದೂ ಸೂಲುಗಳು ಹೆಚ್ಚೋ ಮೊದಲೇ.

ಹಾಗಾದ್ರೆ ಏನು ಮಾಡಬೇಕು?

- ತೆನೆ ಬರೋ ಮೊದಲೇ ಶುರು ಮಾಡ್ರಿ. ಹೊಲದಲ್ಲಿ ಕಾಳು ಸಿಕ್ಕ ಮೇಲೆ ಇಲಿ ವಿಷದ ಆಹಾರದ ಕಡೆ ತಿರುಗಿ ನೋಡಲ್ಲ.
- ಮುಂಗಾರು ತಡವಾದ ವರ್ಷ ಹೆಚ್ಚು ಎಚ್ಚರ ಇರಲಿ. ಬಿರುಕು ಮುಚ್ಚದಿದ್ದರೆ ಇಲಿ ಉಳಿದುಕೊಳ್ಳುತ್ತವೆ.
- ಅಕ್ಕಪಕ್ಕದ ಹೊಲದವರು ಒಟ್ಟಿಗೇ ಮಾಡ್ರಿ. ಊರಿನ ವಾಟ್ಸಾಪ್ ಗುಂಪಲ್ಲಿ ದಿನ ಗೊತ್ತು ಮಾಡಿಕೊಳ್ಳಿ. ಒಬ್ಬರೇ ಮಾಡಿದರೆ ಪಕ್ಕದ ಹೊಲದಿಂದ ಮತ್ತೆ ಬರ್ತಾವೆ.
- ಜೀವಂತ ಬಿಲ ಗುರುತಿಸಿ. ಸಂಜೆ ಎಲ್ಲ ಬಿಲ ಮುಚ್ಚಿ. ಬೆಳಿಗ್ಗೆ ತೆರೆದಿರೋ ಬಿಲದಲ್ಲಿ ಇಲಿ ಇದೆ ಅಂತ ಅರ್ಥ.
- ಮೊದಲು ವಿಷವಿಲ್ಲದ ನುಚ್ಚು ಇಡಿ. 2-3 ದಿನ ರುಚಿ ಹತ್ತಿಸಿ. ಆಮೇಲೆ 96 ಭಾಗ ನುಚ್ಚು, 2 ಭಾಗ ಎಣ್ಣೆ, 2 ಭಾಗ ಸತುವಿನ ಫಾಸ್ಫೈಡ್ ಕೋಲಿನಿಂದ ಕಲಸಿ, ಕಾಗದದ ಪೊಟ್ಟಣದಲ್ಲಿ ಬಿಲಕ್ಕೆ ಸುಮಾರು 10 ಗ್ರಾಂ ಒಳಗಡೆ ಇಡಿ.
- ಉಳಿದ ಇಲಿಗೆ ಅದೇ ವಿಷ ಮತ್ತೆ ಬೇಡ. ಒಮ್ಮೆ ತಿಂದು ಬದುಕಿದ್ದು ಮತ್ತೆ ಮುಟ್ಟಲ್ಲ. ಎರಡನೇ ಸಲಕ್ಕೆ ಶೇ. 0.005ರ ಬ್ರೋಮಾಡಿಯೋಲೋನ್ ಬಳಸಿ.

ಜಾಗ್ರತೆ: ಸತುವಿನ ಫಾಸ್ಫೈಡ್‌ಗೆ ಪ್ರತ್ಯೇಕ ಪ್ರತಿವಿಷ ಇಲ್ಲ. ಬರಿಗೈಲಿ ಮುಟ್ಟಬೇಡಿ, ನೀರು ಬೆರೆಸಬೇಡಿ, ಮಕ್ಕಳು, ದನ, ನಾಯಿ ಹತ್ತಿರ ಬಾರದಂತೆ ನೋಡಿಕೊಳ್ಳಿ. ಸತ್ತ ಇಲಿಗಳನ್ನು ಆಳವಾಗಿ ಹೂಳಿ. ನಿಮ್ಮ ಬೆಳೆಗೆ ಸರಿಯಾದ ಸಮಯ ಯಾವುದು ಅಂತ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ಶುರು ಮಾಡ್ರಿ.